ಬುಲಿಮಿಯಾಗೆ ಯಾವ ಚಿಕಿತ್ಸೆ ಆರಿಸ್ಕೋಬೇಕು? ಸಿಬಿಟಿ, ಮಾತ್ರೆ, ಸೆಲ್ಫ್ ಹೆಲ್ಪ್, ಫ್ಯಾಮಿಲಿ ಥೆರಪಿ ಎಲ್ಲದರ ಲೆಕ್ಕಾಚಾರ

ನನ್ನ ತಂಗಿಗೆ ಬುಲಿಮಿಯಾ, ಅಂದ್ರೆ ಸಿಕ್ಕಾಪಟ್ಟೆ ತಿಂದು ಆಮೇಲೆ ವಾಂತಿ ಉಪವಾಸ ಅಂತ ಮಾಡೋ ಕಾಯಿಲೆ, ಇರಬಹುದು ಅಂತ ಮೊದಲು ಅನುಮಾನ ಬಂದಿದ್ದು ನನಗಲ್ಲ, ಅಮ್ಮಂಗೂ ಅಲ್ಲ, ಹಲ್ಲಿನ ಡಾಕ್ಟರಿಗೆ. ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನತ್ತೆ ಅಂತ ಹೋಗಿದ್ವಿ, ಅವರು ಪುಟ್ಟ ಕನ್ನಡಿ ಹಿಡಿದು ಮೇಲಿನ ಮುಂದಿನ ಹಲ್ಲುಗಳ ಒಳಭಾಗ ನೋಡ್ತಾ ತುಂಬಾ ಹೊತ್ತು ಸುಮ್ಮನಿದ್ರು. ಹೊರಗಡೆಯಿಂದ ಚೆನ್ನಾಗೇ ಕಾಣೋ ಹಲ್ಲು ಒಳಗಡೆ ನುಣ್ಣಗೆ ಸವೆದು ಹಳದಿ ತಿರುಗಿತ್ತು. ಆಮೇಲೆ ನನ್ನನ್ನ ಹೊರಗೆ ಕೂರಿಸಿ ಅವಳ ಹತ್ರ ಒಬ್ಬಳ ಹತ್ರಾನೇ ಮಾತಾಡಿದ್ರು, "ನಿಮಗೆ ಆಗಾಗ ವಾಂತಿ ಆಗತ್ತಾ ಅಮ್ಮ" ಅಂತ. ಅವಳು ಅವತ್ತು ರಾತ್ರಿ ನನಗೆ ಎಲ್ಲಾ ಹೇಳಿದ್ಲು. ಒಂದೇ ಮನೇಲಿದ್ವಿ ನಾವು, ಬೆಂಗಳೂರಲ್ಲಿ, ಹಾಸನದಿಂದ ಅಮ್ಮ ಕಳಿಸ್ತಿದ್ದ ಕೋಡುಬಳೆ ಡಬ್ಬ ಎರಡೇ ದಿನಕ್ಕೆ ಖಾಲಿ ಆಗೋದು ನೋಡಿದ್ದೆ, ಊಟ ಆದ ತಕ್ಷಣ ಬಚ್ಚಲುಮನೆಗೆ ಹೋಗೋದು ನೋಡಿದ್ದೆ, ಎರಡನ್ನೂ ಸೇರಿಸಿ ಯೋಚನೆ ಮಾಡಿರಲಿಲ್ಲ.

ಆಮೇಲೆ ಏಳೆಂಟು ತಿಂಗಳು ಒಬ್ಬೊಬ್ಬರ ಹತ್ರ ಒಂದೊಂದು ಚಿಕಿತ್ಸೆ ಅಂತ ಅಲೆದ್ವಿ. ಕನ್ನಡದಲ್ಲಿ ಇದರ ಬಗ್ಗೆ ಹುಡುಕಿದಾಗ "ಬುಲಿಮಿಯಾ ಅಂದ್ರೇನು, ಲಕ್ಷಣಗಳೇನು" ಅಷ್ಟೇ ಸಿಗ್ತಿತ್ತು, ಯಾವುದನ್ನ ಮೊದಲು ಮಾಡ್ಬೇಕು, ಯಾವುದಕ್ಕೆ ದುಡ್ಡು ಹಾಕ್ಬೇಕು, ಯಾವುದನ್ನ ಬಿಡಬೇಕು ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೀತಿದ್ದೀನಿ. ನಾನು ಡಾಕ್ಟರ್ ಅಲ್ಲ, ಮನೆಯವಳಾಗಿ ಓದಿದ್ದು, ಕೇಳಿ ತಿಳ್ಕೊಂಡಿದ್ದು, ಕಂಡಿದ್ದು ಇದು.

ಮೊದಲು ಕಾಯಿಲೆ ಯಾವುದು ಅನ್ನೋದು ಸ್ಪಷ್ಟ ಆಗ್ಬೇಕು, ಯಾಕಂದ್ರೆ ಚಿಕಿತ್ಸೆ ಅದರ ಮೇಲೇ ನಿಂತಿರತ್ತೆ. ಬುಲಿಮಿಯಾ ನರ್ವೋಸಾ ಅಂತ ಹೆಸರಿಟ್ಟು ಇದನ್ನ ಮೊದಲು ವಿವರಿಸಿದ್ದು ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್, 1979ರಲ್ಲಿ, 30 ಜನ ರೋಗಿಗಳನ್ನ ನೋಡಿ. ಸ್ವಲ್ಪ ಹೊತ್ತಲ್ಲಿ ಸಿಕ್ಕಾಪಟ್ಟೆ ತಿಂದುಬಿಡೋದು, ತಿನ್ನುವಾಗ ನಿಲ್ಲಿಸೋಕೇ ಆಗಲ್ಲ ಅನ್ನಿಸೋದು, ಆಮೇಲೆ ಆ ತಿಂದಿದ್ದನ್ನ "ಸರಿಮಾಡ್ಬೇಕು" ಅಂತ ವಾಂತಿ, ಬೇಧಿ ಮಾತ್ರೆ, ಉಪವಾಸ, ಅತಿಯಾದ ವ್ಯಾಯಾಮ ಇಂಥದ್ದರ ಕಡೆ ಹೋಗೋದು, ಮತ್ತೆ ಪೂರ್ತಿ ದಿನ ತಲೇಲಿ ಮೈ ತೂಕದ್ದೇ ಯೋಚನೆ. ಮನೋವೈದ್ಯರು ಕಾಯಿಲೆ ಗುರುತಿಸೋಕೆ ಬಳಸೋ ಕೈಪಿಡಿ, 2013ರಲ್ಲಿ ಬಂದ ಡಿಎಸ್ಎಂ 5 ಪ್ರಕಾರ ಇದು ವಾರಕ್ಕೆ ಒಂದು ಸಲದ ಲೆಕ್ಕದಲ್ಲಿ ಮೂರು ತಿಂಗಳು ನಡೆದಿದ್ರೆ ಸಾಕು. ಮುಂಚೆ ವಾರಕ್ಕೆ ಎರಡು ಸಲ ಅಂತಿತ್ತು.

ಊಟ ತೀರಾ ಕಮ್ಮಿ ಮಾಡಿಬಿಡೋ ಅನೊರೆಕ್ಸಿಯಾ ಅನ್ನೋ ಕಾಯಿಲೆಯಲ್ಲಿ ತೂಕ ತುಂಬಾ ಕಮ್ಮಿ ಆಗಿರತ್ತೆ, ಬುಲಿಮಿಯಾದಲ್ಲಿ ಸಾಮಾನ್ಯವಾಗಿ ಹಾಗಾಗಲ್ಲ, ನೋಡೋಕೆ ಎಲ್ಲರ ಥರಾನೇ ಇರ್ತಾರೆ. ಬಿಂಜ್ ಈಟಿಂಗ್ ಡಿಸಾರ್ಡರ್‌ನಲ್ಲಿ ಅತಿಯಾಗಿ ತಿನ್ನೋದು ಇರತ್ತೆ, ಆಮೇಲಿನ ವಾಂತಿ ಉಪವಾಸ ಇವೆಲ್ಲ ಇರಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೇ ನಮ್ಮನ್ನ ನೋಡಿದ ಒಬ್ಬ ಡಾಕ್ಟರು "ಇವಳು ಚೆನ್ನಾಗೇ ಇದ್ದಾಳಲ್ಲ, ಸಣ್ಣ ಆಗಿಲ್ವಲ್ಲ" ಅಂದ್ರು, ಆ ಮಾತಿಂದ ಅವಳು ಇನ್ನೆರಡು ತಿಂಗಳು ಯಾರ ಹತ್ರಾನೂ ಬರಲ್ಲ ಅಂತ ಕೂತ್ಲು. ದಯವಿಟ್ಟು ಸಣ್ಣ ಆಗ್ಲಿ ಅಂತ ಕಾಯಬೇಡಿ. ಗಂಡಸರಿಗೆ ಬರಲ್ಲ ಅಂತಲೂ ಅಂದುಕೋಬೇಡಿ, ಬ್ರಿಟನ್ನಿನ ಉಪಪ್ರಧಾನಿ ಆಗಿದ್ದ ಜಾನ್ ಪ್ರೆಸ್ಕಾಟ್ ತಮಗೆ ಬುಲಿಮಿಯಾ ಇತ್ತು ಅಂತ 2008ರಲ್ಲಿ ಹೇಳ್ಕೊಂಡ್ರು, ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು.

ಯಾವ ದಾರಿ ಹಿಡಿದ್ರೂ ಮೊದಲ ವಾರ ಮಾಡ್ಬೇಕಾದ್ದು

ಥೆರಪಿ ಯಾವುದು ಅಂತ ಯೋಚನೆ ಮಾಡೋಕೆ ಮುಂಚೆ ರಕ್ತ ಪರೀಕ್ಷೆ ಮತ್ತು ಇಸಿಜಿ. ಪದೇ ಪದೇ ವಾಂತಿ ಆದ್ರೆ, ಬೇಧಿ ಮಾತ್ರೆ ತಗೊಂಡ್ರೆ ಮೈಯಲ್ಲಿ ಪೊಟ್ಯಾಸಿಯಂ ಇಳಿಯತ್ತೆ, ರಕ್ತದಲ್ಲಿ ಅದು 3.5ರಿಂದ 5ರ ಆಸುಪಾಸು ಇರ್ಬೇಕು, ತುಂಬಾ ಇಳಿದ್ರೆ ಹೃದಯದ ಬಡಿತವೇ ತಾಳ ತಪ್ಪತ್ತೆ. ಇದೇ ಈ ಕಾಯಿಲೆಯಲ್ಲಿ ಜೀವಕ್ಕೆ ಕುತ್ತು ತರೋದು, ಮತ್ತೆ ಇದು ಕಣ್ಣಿಗೆ ಕಾಣಲ್ಲ. ಎದೆ ಡವಡವ ಅಂತ ಹೊಡ್ಕೊಳ್ಳೋದು, ತಲೆಸುತ್ತಿ ಬೀಳೋದು, ಕೈಕಾಲು ಸೋತು ಎತ್ತೋಕಾಗದೇ ಇರೋದು, ವಾಂತಿಯಲ್ಲಿ ರಕ್ತ, ಸಾಯಬೇಕು ಅನ್ನೋ ಮಾತು, ಇವುಗಳಲ್ಲಿ ಯಾವುದಿದ್ರೂ ಅಪಾಯಿಂಟ್‌ಮೆಂಟ್ ಅಂತ ಕಾಯದೇ ಅವತ್ತೇ ಎಮರ್ಜೆನ್ಸಿಗೆ ಹೋಗಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳೋರಾದ್ರೆ ಅದನ್ನ ಡಾಕ್ಟರಿಗೆ ಮೊದಲೇ ಹೇಳಿ, ಅವರ ಕೇಸ್ ಬೇರೆ ಥರ ನೋಡ್ಬೇಕಾಗತ್ತೆ.

ಹಲ್ಲಿನ ಡಾಕ್ಟರ್ ಹೇಳಿದ ಒಂದು ಮಾತು, ವಾಂತಿ ಆದ ತಕ್ಷಣ ಬ್ರಷ್ ಮಾಡಬಾರದು, ಹುಳಿಗೆ ಎನಾಮಲ್ ಮೆತ್ತಗಾಗಿರತ್ತೆ, ಉಜ್ಜಿದ್ರೆ ಇನ್ನೂ ಸವೆಯತ್ತೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿದ್ರೆ ಸಾಕು.

ಡಯಟೀಷಿಯನ್ ಹತ್ರ ಹೋಗೋದಾ?

ನಾವು ಮಾಡಿದ ಮೊದಲ ತಪ್ಪು ಇದು, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. "ತಿನ್ನೋದೇ ತಾನೇ ಸಮಸ್ಯೆ" ಅಂತ ಒಬ್ಬರ ಹತ್ರ ಹೋದ್ವಿ, ವಾಂತಿ ವಿಷಯ ಅವಳು ಹೇಳಲಿಲ್ಲ ನಾನೂ ಬಾಯಿ ಬಿಡಲಿಲ್ಲ, ಅವರು ಒಂದು ಚಾರ್ಟ್ ಕೊಟ್ರು, ಬೆಳಗ್ಗೆ ಓಟ್ಸ್, ಮಧ್ಯಾಹ್ನ ಒಂದು ಚಪಾತಿ, ಅನ್ನ ಬಂದ್, ರಾತ್ರಿ ಸೂಪ್. ಮೂರು ದಿನ ಶಿಸ್ತಾಗಿ ನಡೀತು. ನಾಲ್ಕನೇ ದಿನ ರಾತ್ರಿ ಅಡುಗೆಮನೇಲಿ ನಿಂತ್ಕೊಂಡೇ ಒಂದು ಪ್ಯಾಕೆಟ್ ಬ್ರೆಡ್ಡು, ಉಳಿದಿದ್ದ ಚಿತ್ರಾನ್ನ, ಫ್ರಿಜ್ಜಲ್ಲಿದ್ದ ಸ್ವೀಟು ಎಲ್ಲಾ ತಿಂದು, ಆಮೇಲೆ ಅದೇ ಕಥೆ.

ಆಮೇಲೆ ಅರ್ಥ ಆಗಿದ್ದು ಏನಂದ್ರೆ ಅವಳ ಮನಸ್ಸಿನ ಬಲ ಕಮ್ಮಿ ಆಗಿದ್ದಲ್ಲ. ಹೊಟ್ಟೆ ಕಟ್ಟಿದ್ರೆ ಹಸಿವು ಸೇರ್ತಾ ಹೋಗತ್ತೆ, "ಇದನ್ನ ತಿನ್ನಬಾರದು" ಅಂತ ಇಟ್ಟ ರೂಲ್ ಒಂದು ತುತ್ತಿಗೆ ಮುರಿದ್ರೂ "ಹೋಯ್ತು, ಇವತ್ತಿನ ದಿನ ಹಾಳಾಯ್ತು" ಅನ್ನಿಸಿ ಪೂರ್ತಿ ಕಟ್ಟೆ ಒಡೆಯತ್ತೆ, ಒಡೆದ ಮೇಲೆ ಅಪರಾಧಿ ಭಾವ, ವಾಂತಿ, ನಾಳೆಯಿಂದ ಇನ್ನೂ ಬಿಗಿಯಾಗಿ ಉಪವಾಸ. ಸುತ್ತು ಶುರು ಆಗೋದು ಅತಿಯಾಗಿ ತಿನ್ನೋದ್ರಿಂದ ಅಲ್ಲ, ತಿನ್ನದೇ ಇರೋದ್ರಿಂದ. ಹಾಗಾಗಿ ತೂಕ ಇಳಿಸೋ ಡಯಟ್ ಕೊಡೋರ ಹತ್ರ ಬುಲಿಮಿಯಾ ಇರೋರನ್ನ ಕಳಿಸಿದ್ರೆ ಕಾಯಿಲೆಗೆ ಗೊಬ್ಬರ ಹಾಕಿದ ಹಾಗೆ. ಈಟಿಂಗ್ ಡಿಸಾರ್ಡರ್ (ಬುಲಿಮಿಯಾ ಥರದ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ) ಗೊತ್ತಿರೋ ಡಯಟೀಷಿಯನ್ ಇದ್ದಾರೆ, ಥೆರಪಿಸ್ಟ್ ಜೊತೆ ಸೇರಿ ಕೆಲಸ ಮಾಡ್ತಾರೆ, ಅವರು ಬೇಕು. ವಿಷಯ ಮುಚ್ಚಿಟ್ಟು ಹೋಗೋದು ಮಾತ್ರ ಬೇಡ. ನಮ್ಮ ಕಡೆ ಇನ್ನೊಂದು ತೊಡಕು ಏಕಾದಶಿ, ಸಂಕಷ್ಟಿ, ಶನಿವಾರ ಒಪ್ಪೊತ್ತು ಅಂತ ಉಪವಾಸಕ್ಕೆ ಯಾರೂ ಪ್ರಶ್ನೆ ಮಾಡಲ್ಲ. ವಾಸಿ ಆಗೋ ತನಕ ಇವನ್ನ ಬಿಡಿಸಿ, ದೇವರು ಕೋಪ ಮಾಡ್ಕೊಳ್ಳಲ್ಲ ಅಂತ ನಮ್ಮಜ್ಜಿ ತಾವೇ ಹೇಳಿದ್ರು, ಅದು ಅವಳಿಗೆ ಎಷ್ಟೋ ಹಗುರ ಮಾಡ್ತು.

ಸಿಬಿಟಿ

ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದ್ರೆ ಯೋಚನೆ ಮತ್ತು ಅಭ್ಯಾಸ ಬದಲಾಯಿಸೋ ಮಾತಿನ ಚಿಕಿತ್ಸೆ. ದೊಡ್ಡವರಿಗೆ ನಾನು ಮೊದಲು ಹೇಳೋದು ಇದನ್ನೇ, ಆದ್ರೆ ಸುಮ್ನೆ ಸಿಬಿಟಿ ಅಲ್ಲ, ಈಟಿಂಗ್ ಡಿಸಾರ್ಡರ್‌ಗೆ ಅಂತಲೇ ಮಾಡಿರೋ ಸಿಬಿಟಿ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಇದನ್ನ ರೂಪಿಸಿದ್ದು, ಈಗಿನ ರೂಪಕ್ಕೆ ಸಿಬಿಟಿ ಇ ಅಂತಾರೆ, ಸಾಮಾನ್ಯವಾಗಿ 20 ವಾರಕ್ಕೆ 20 ಸೆಷನ್, ಮೊದಮೊದಲು ವಾರಕ್ಕೆ ಎರಡು ಸಲ ಕೂರ್ತಾರೆ. ಬಾಲ್ಯ, ಅಪ್ಪ ಅಮ್ಮ ಅಂತ ಅಲ್ಲಿಂದ ಶುರು ಮಾಡಲ್ಲ, ಈ ವಾರ ಯಾವಾಗ ತಿಂದ್ರಿ ಅಂತ ಶುರು ಮಾಡ್ತಾರೆ.

ತಂಗಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೋಳೋಕೆ ಹೇಳಿದ್ರು. ಏನು ತಿಂದೆ, ಎಷ್ಟೊತ್ತಿಗೆ, ಎಲ್ಲಿ ಕೂತು, ಆಗ ತಲೇಲಿ ಏನಿತ್ತು, ತಿಂದ ತಕ್ಷಣ ಬರೀಬೇಕು, ರಾತ್ರಿ ಕೂತು ನೆನಪಿಸ್ಕೊಂಡು ಅಲ್ಲ. ಕ್ಯಾಲೊರಿ ಬರೆಯೋ ಹಾಗಿಲ್ಲ. ಆಮೇಲೆ ಮೂರು ಊಟ, ಮಧ್ಯೆ ಎರಡು ಮೂರು ಸಲ ಸಣ್ಣ ತಿಂಡಿ, ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು, ಹಿಂದಿನ ರಾತ್ರಿ ಏನೇ ಆಗಿದ್ರೂ ಬೆಳಗ್ಗೆ ತಿಂಡಿ ತಿನ್ನಲೇಬೇಕು. ತೂಕ ನೋಡೋದು ವಾರಕ್ಕೆ ಒಂದೇ ಸಲ, ಥೆರಪಿಸ್ಟ್ ಎದುರಲ್ಲಿ. ಮನೇಲಿದ್ದ ತೂಕದ ಮೆಷಿನ್ ನಾನು ಅಟ್ಟಕ್ಕೆ ಹಾಕಿದೆ.

ಎರಡನೇ ವಾರದ ಒಂದು ಪುಟ ಅವಳೇ ನನಗೆ ತೋರಿಸಿದ್ಲು. 11 ಗಂಟೆ, ಆಫೀಸ್ ಪ್ಯಾಂಟ್ರಿ, ಎರಡು ಬಿಸ್ಕೆಟ್ಟು, ಕಾಫಿ, "ತಿಂದಿದ್ದೀನಿ, ಭಯ ಆಗ್ತಿದೆ, ಎದ್ದು ಹೋಗಿಲ್ಲ". ಅದರ ಕೆಳಗೆ 11:40, "ಭಯ ಅರ್ಧ ಇಳಿದಿದೆ". ಇಷ್ಟೇ. ನಾನು ಅದನ್ನ ಓದಿ ಅಡುಗೆಮನೆಗೆ ಹೋಗಿ ಅತ್ತೆ. ಆ ವಾರ ಏಳು ರಾತ್ರಿಯಲ್ಲಿ ಮೂರು ರಾತ್ರಿ ಏನೂ ಆಗದೇ ಕಳೀತು, ಅದಕ್ಕೆ ಮುಂಚೆ ಒಂದು ವರ್ಷ ಹಾಗೆ ಆಗಿರಲಿಲ್ಲವಂತೆ. ಮುಂದಿನ ಸೆಷನ್‌ಗಳಲ್ಲಿ ತಾನೇ ನಿಷೇಧ ಹಾಕ್ಕೊಂಡಿದ್ದ ಅನ್ನ, ಬೆಣ್ಣೆ ದೋಸೆ, ಸ್ವೀಟು ಒಂದೊಂದಾಗಿ ವಾಪಸ್ ತರೋದು, ಕನ್ನಡಿ ಮುಂದೆ ಪದೇ ಪದೇ ನಿಲ್ಲೋದು ಕಮ್ಮಿ ಮಾಡೋದು ಎಲ್ಲಾ ಬಂತು.

ಕಷ್ಟಾನೂ ಹೇಳ್ಬೇಕು. ಮನೆಕೆಲಸ ಜಾಸ್ತಿ, ಬರೆಯೋಕೆ ನಾಚಿಕೆ ಆಗತ್ತೆ, ಸುಳ್ಳು ಬರೀಬೇಕು ಅನ್ನಿಸತ್ತೆ. ವಾಂತಿ, ಬೇಧಿ ಮಾತ್ರೆ ನಿಲ್ಲಿಸಿದ ಮೊದಮೊದಲು ಮೈಯಲ್ಲಿ ನೀರು ತುಂಬ್ಕೊಂಡು ಊದ್ಕೊಳ್ಳಬಹುದು, ಅದನ್ನ ನೋಡಿ "ದಪ್ಪ ಆಗ್ತಿದ್ದೀನಿ" ಅಂತ ಗಾಬರಿ ಆಗಿ ಬಿಟ್ಟುಬಿಡೋರು ಇದ್ದಾರೆ, ಅದು ತಾತ್ಕಾಲಿಕ ಅಂತ ಮನೆಯವರಿಗೂ ಗೊತ್ತಿರ್ಬೇಕು. ಅಂದಹಾಗೆ ಬೇಧಿ ಮಾತ್ರೆಯಿಂದ ತಿಂದ ಕ್ಯಾಲೊರಿ ಹೊರಗೆ ಹೋಗಲ್ಲ, ಹೋಗೋದು ನೀರು ಮತ್ತು ಲವಣ, ಇದು ಗೊತ್ತಾದ ದಿನ ತಂಗಿ ಉಳಿದಿದ್ದನ್ನ ತಾನೇ ಕಸಕ್ಕೆ ಹಾಕಿದ್ಲು. ದುಡ್ಡಿನ ವಿಷಯ, ನಾವು ಹೋದ ಕಡೆ ಒಂದು ಸೆಷನ್‌ಗೆ 1,500 ತಗೊಳ್ತಿದ್ರು, 20ಕ್ಕೆ 30,000 ಆಯ್ತು, ಎಲ್ಲಾ ಕೈಯಿಂದಲೇ.

ಮನಸ್ಸು ಬಿಚ್ಚಿ ಮಾತಾಡೋ ಥೆರಪಿ

ಸಿಬಿಟಿಗೆ ಮುಂಚೆ ಇದನ್ನೂ ಒಂದಿಷ್ಟು ದಿನ ನೋಡಿದ್ವಿ. ಆ ಕೌನ್ಸೆಲರ್ ತುಂಬಾ ಒಳ್ಳೆಯವರು, ತಂಗಿ ಅತ್ತು ಹಗುರ ಆಗಿ ಬರ್ತಿದ್ಲು, ಮನೆಗೆ ಬಂದು ರಾತ್ರಿ ಮತ್ತೆ ಅದೇ. ಊಟದ ವಿಷಯ ಅವರು ತೆಗೀತಾನೇ ಇರಲಿಲ್ಲ, ಒಳಗಿನ ನೋವು ಹೋದ್ರೆ ಇದು ತಾನಾಗೇ ಹೋಗತ್ತೆ ಅಂತಿದ್ರು. ಇದರ ಬಗ್ಗೆ ಕೋಪನ್‌ಹೇಗನ್‌ನಲ್ಲಿ ಒಂದು ಅಧ್ಯಯನ ಆಗಿದೆ, 2014ರಲ್ಲಿ ಪ್ರಕಟ ಆಯ್ತು, ಬುಲಿಮಿಯಾ ಇರೋ 70 ಜನರಲ್ಲಿ ಒಂದು ಗುಂಪಿಗೆ ಎರಡು ವರ್ಷ ವಾರ ವಾರ ಸೈಕೋಅನಾಲಿಟಿಕ್ ಥೆರಪಿ (ಹೀಗೆ ಒಳಗಿನ ನೋವನ್ನ ಬಿಚ್ಚಿ ಮಾತಾಡಿಸೋ ಪದ್ಧತಿ), ಇನ್ನೊಂದು ಗುಂಪಿಗೆ ಐದು ತಿಂಗಳಲ್ಲಿ 20 ಸೆಷನ್ ಸಿಬಿಟಿ. ಐದು ತಿಂಗಳಿಗೆ ಅತಿಯಾಗಿ ತಿನ್ನೋದು, ವಾಂತಿ ಎರಡೂ ನಿಂತಿದ್ದು ಸಿಬಿಟಿ ಗುಂಪಲ್ಲಿ ನೂರಕ್ಕೆ 42 ಜನರಿಗೆ, ಇನ್ನೊಂದರಲ್ಲಿ 6 ಜನರಿಗೆ. ಎರಡು ವರ್ಷ ಮುಗಿದಾಗ 44 ಮತ್ತು 15. ಅಧ್ಯಯನ ಮಾಡಿದವರಲ್ಲಿ ಸೈಕೋಅನಾಲಿಟಿಕ್ ಥೆರಪಿ ಮಾಡೋರೇ ಇದ್ರು, ಆದ್ರೂ ಫಲಿತಾಂಶವನ್ನ ಹಾಗೇ ಪ್ರಕಟಿಸಿದ್ರು, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಆದ್ರೆ ಈ 42 ಅನ್ನೋದನ್ನ ಇನ್ನೊಂದು ಕಡೆಯಿಂದಲೂ ನೋಡಿ, ಒಳ್ಳೆ ಸಿಬಿಟಿ ಸಿಕ್ಕಿದ್ರೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆ ಐದು ತಿಂಗಳಲ್ಲಿ ಪೂರ್ತಿ ನಿಲ್ಲಲ್ಲ. ಹಾಗಾಗಿ ಮೊದಲ ಸುತ್ತಲ್ಲಿ ಆಗ್ಲಿಲ್ಲ ಅಂದ್ರೆ ಸೋತ್ವಿ ಅಂತಲ್ಲ. ಸಂಬಂಧಗಳ ಮೇಲೆ ಕೆಲಸ ಮಾಡೋ ಐಪಿಟಿ ಅಂತ ಇನ್ನೊಂದಿದೆ, ಅದರಲ್ಲೂ ಊಟದ ಮಾತು ಬರಲ್ಲ, ಶುರುವಲ್ಲಿ ಸಿಬಿಟಿಗಿಂತ ನಿಧಾನ, ಆದ್ರೆ ಒಂದು ವರ್ಷದ ಹೊತ್ತಿಗೆ ಹತ್ರ ಹತ್ರ ಬಂದು ಸೇರತ್ತೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಸಿಬಿಟಿ ಒಗ್ಗದೇ ಇದ್ದವರಿಗೆ, ಗಂಡ ಹೆಂಡತಿ ಜಗಳ, ಸಾವು, ಒಂಟಿತನ ಇಂಥದ್ದರ ಜೊತೆ ಕಾಯಿಲೆ ಹೆಣೆದುಕೊಂಡಿರೋರಿಗೆ ಇದು ಎರಡನೇ ಆಯ್ಕೆ. ಇಲ್ಲಿ ಐಪಿಟಿ ಕಲಿತವರು ಸಿಗೋದು ಕಷ್ಟ.

ಸೆಲ್ಫ್ ಹೆಲ್ಪ್

ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆಯ 2017ರ ಗೈಡ್‌ಲೈನ್ ಪ್ರಕಾರ ದೊಡ್ಡವರಿಗೆ ಮೊದಲು ಕೊಡಬೇಕಾದ್ದು ಗೈಡೆಡ್ ಸೆಲ್ಫ್ ಹೆಲ್ಪ್, ಅಂದ್ರೆ ಸಿಬಿಟಿ ಆಧಾರದ ಪುಸ್ತಕ ಅಥವಾ ಪ್ರೋಗ್ರಾಂ ಇಟ್ಕೊಂಡು ತಾನೇ ಮಾಡೋದು, ಜೊತೆಗೆ 16 ವಾರದಲ್ಲಿ ನಾಲ್ಕರಿಂದ ಒಂಬತ್ತು ಸಲ ಇಪ್ಪತ್ತು ನಿಮಿಷದ ಸಣ್ಣ ಸೆಷನ್. ನಾಲ್ಕು ವಾರದಲ್ಲಿ ಏನೂ ಪ್ರಯೋಜನ ಕಾಣ್ಲಿಲ್ಲ ಅಂದ್ರೆ ಪೂರ್ತಿ ಸಿಬಿಟಿಗೆ ಹೋಗಿ ಅಂತಾರೆ. ಲಂಡನ್ನು, ಮ್ಯಾಂಚೆಸ್ಟರಲ್ಲಿರೋ ಕನ್ನಡದೋರಿಗೆ ಜಿಪಿ ಮೊದಲು ಇದನ್ನೇ ಕೊಟ್ರೆ "ನಮ್ಮನ್ನ ಸಾಗಹಾಕಿದ್ರು" ಅಂತ ಅಂದುಕೋಬೇಡಿ, ಅದೇ ಅಲ್ಲಿನ ಕ್ರಮ. ನಮ್ಮಲ್ಲಿ ಇದನ್ನ ದೂರದ ಊರಲ್ಲಿರೋರಿಗೆ, ದುಡ್ಡು ಕಮ್ಮಿ ಇರೋರಿಗೆ, ಕಾಯಿಲೆ ಹೊಸದಾಗಿರೋರಿಗೆ ಹೇಳ್ತೀನಿ. ಆದ್ರೆ "ಗೈಡೆಡ್" ಅನ್ನೋ ಪದ ಬಿಡಬೇಡಿ, ಒಬ್ಬರಾದ್ರೂ ವಾರ ವಾರ ಕೇಳೋರು ಇರ್ಬೇಕು, ಮತ್ತೆ ರಕ್ತ ಪರೀಕ್ಷೆ ಆಗಿರ್ಬೇಕು. ಇನ್‌ಸ್ಟಾಗ್ರಾಂನ ರಿಕವರಿ ರೀಲ್ಸ್ ಸೆಲ್ಫ್ ಹೆಲ್ಪ್ ಅಲ್ಲ, ಎಷ್ಟೋ ಸಲ ಅದರಲ್ಲೇ ಹೊಸ ಹೋಲಿಕೆ, ಹೊಸ ಆಸೆ ಹುಟ್ಕೊಳ್ಳತ್ತೆ.

ಮಾತ್ರೆ

ಹೆಚ್ಚು ಪುರಾವೆ ಇರೋದು ಫ್ಲುಯೋಕ್ಸೆಟಿನ್ ಅನ್ನೋ ಖಿನ್ನತೆ ಮಾತ್ರೆಗೆ. ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಎಫ್‌ಡಿಎ ಬುಲಿಮಿಯಾಗೆ ಅಂತ ಒಪ್ಪಿರೋದು ಇದೊಂದನ್ನೇ. 1992ರಲ್ಲಿ ಬಂದ ದೊಡ್ಡ ಅಧ್ಯಯನ, 387 ಹೆಂಗಸರು, ಎಂಟು ವಾರ, ಅದರಲ್ಲಿ ಖಿನ್ನತೆಗೆ ಮಾಮೂಲಾಗಿ ಕೊಡೋ 20 ಮಿಲಿಗ್ರಾಂಗಿಂತ 60 ಮಿಲಿಗ್ರಾಂ ಚೆನ್ನಾಗಿ ಕೆಲಸ ಮಾಡ್ತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ಡಾಕ್ಟರು ಡೋಸ್ ಏರಿಸಿದ ತಕ್ಷಣ "ಹುಚ್ಚಿನ ಮಾತ್ರೆ ಜಾಸ್ತಿ ಮಾಡಿದ್ರು" ಅಂತ ಮನೇಲಿ ಗಾಬರಿ ಆಗಿ ನಿಲ್ಲಿಸಿಬಿಡ್ತಾರೆ. ಹಾಗಂತ ನೀವೇ ಏರಿಸೋದು, ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋದು ಯಾವತ್ತೂ ಬೇಡ, 25 ವರ್ಷದೊಳಗಿನವರಲ್ಲಿ ಶುರುವಲ್ಲಿ ಸಾವಿನ ಯೋಚನೆ ಜಾಸ್ತಿ ಆಗಬಹುದು, ಅದನ್ನ ಡಾಕ್ಟರು ಮತ್ತು ಮನೆಯವರು ಇಬ್ಬರೂ ಗಮನಿಸ್ತಿರ್ಬೇಕು. ಬುಪ್ರೋಪಿಯಾನ್ ಅನ್ನೋ ಇನ್ನೊಂದು ಖಿನ್ನತೆ ಮಾತ್ರೆ ಬುಲಿಮಿಯಾ ಇರೋರಿಗೆ ಕೊಡೋ ಹಾಗಿಲ್ಲ, ಫಿಟ್ಸ್ ಬರೋ ಅಪಾಯ. ಸಿಗರೇಟ್ ಬಿಡಿಸೋಕೂ ಅದನ್ನ ಕೊಡ್ತಾರೆ, ಹಾಗಾಗಿ ಯಾವ ಡಾಕ್ಟರ ಹತ್ರ ಹೋದ್ರೂ ಬುಲಿಮಿಯಾ ವಿಷಯ ಮುಚ್ಚಿಡಬೇಡಿ.

ಮಾತ್ರೆ ಒಂದೇ ಸಾಕಾ ಅಂದ್ರೆ, ನೈಸ್ ಪ್ರಕಾರ ಬರೀ ಮಾತ್ರೆಯನ್ನೇ ಚಿಕಿತ್ಸೆ ಅಂತ ಕೊಡಬಾರದು. ಥೆರಪಿ ಜೊತೆ ಕೊಡಬಹುದು, ಖಿನ್ನತೆ ಆತಂಕ ಜೋರಾಗಿದ್ರೆ ಕೊಡಬೇಕಾಗತ್ತೆ, ಥೆರಪಿಸ್ಟೇ ಸಿಗದ ಊರಲ್ಲಿ ಕೈ ಕಟ್ಟಿ ಕೂರೋದಕ್ಕಿಂತ ಮಾತ್ರೆ ಶುರು ಮಾಡೋದು ವಾಸಿ. ತಂಗಿಗೆ ಎರಡೂ ನಡೀತು.

ಹೈಸ್ಕೂಲು ಪಿಯುಸಿ ಮಕ್ಕಳಿಗೆ ಬೇರೆ ಲೆಕ್ಕ

ಮಗು ಮನೇಲೇ ಇದ್ರೆ ಅಪ್ಪ ಅಮ್ಮನೇ ಚಿಕಿತ್ಸೆಯ ಭಾಗ ಆಗೋ ಫ್ಯಾಮಿಲಿ ಥೆರಪಿ ಮೊದಲು ನೋಡಿ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಪದ್ಧತಿ ಇದು. ಊಟದ ಹೊತ್ತಲ್ಲಿ ಜೊತೆಗೆ ಕೂರೋದು, ಊಟ ಆದ ಮೇಲೆ ಒಂದು ಗಂಟೆ ಒಟ್ಟಿಗೆ ಏನಾದ್ರೂ ಮಾಡೋದು, ಬೈಯದೇ, ಪೊಲೀಸ್ ಥರ ನಿಲ್ಲದೇ. ಅಮೆರಿಕದಲ್ಲಿ 130 ಮಕ್ಕಳ ಮೇಲೆ ಮಾಡಿ 2015ರಲ್ಲಿ ಬಂದ ಅಧ್ಯಯನದಲ್ಲಿ ಚಿಕಿತ್ಸೆ ಮುಗಿದಾಗ ಫ್ಯಾಮಿಲಿ ಥೆರಪಿಯಲ್ಲಿ ನೂರಕ್ಕೆ 39, ಸಿಬಿಟಿಯಲ್ಲಿ 20 ಮಕ್ಕಳಿಗೆ ಪೂರ್ತಿ ನಿಂತಿತ್ತು. ಒಂದು ವರ್ಷ ಕಳೆದಾಗ 49 ಮತ್ತು 32, ಆ ಹೊತ್ತಿಗೆ ಅಂತರ ಲೆಕ್ಕಕ್ಕೆ ಹಿಡಿಯೋಷ್ಟು ಗಟ್ಟಿಯಾಗಿರಲಿಲ್ಲ. ಅಂದ್ರೆ ಬೇಗ ಕೆಲಸ ಮಾಡೋದು ಫ್ಯಾಮಿಲಿ ಥೆರಪಿ, ಮನೇಲಿ ಜಗಳವೇ ಜಾಸ್ತಿ ಇದ್ರೆ ಸಿಬಿಟಿಯೂ ದಾರಿಯೇ. ನಮ್ಮ ಮನೆಗಳಲ್ಲಿ ಇದು ನಡೀಬೇಕಾದ್ರೆ ಒಂದು ಕೆಲಸ ಮೊದಲೇ ಆಗ್ಬೇಕು, ದೊಡ್ಡಮ್ಮ ಚಿಕ್ಕಪ್ಪ ಯಾರೇ ಬಂದ್ರೂ "ದಪ್ಪ ಆಗಿದ್ದೀಯಲ್ಲೇ", "ಸಣ್ಣ ಆಗಿದ್ದೀಯ ಚೆನ್ನಾಗಿ ಕಾಣ್ತೀಯ" ಎರಡೂ ಹೇಳಬಾರದು ಅಂತ ಅಮ್ಮ ಫೋನ್ ಮಾಡಿ ಹೇಳಿಟ್ಟಿರ್ಬೇಕು. ನಮ್ಮಮ್ಮ ಹೇಳಿದ್ರು, ಒಬ್ಬರು ಮುನಿಸ್ಕೊಂಡ್ರು, ಆದ್ರೂ ಪರವಾಗಿಲ್ಲ.

ಎಲ್ಲಿಗೆ ಹೋಗೋದು

ಬೆಂಗಳೂರಲ್ಲಿ ನಿಮ್ಹಾನ್ಸ್, ಉತ್ತರ ಕರ್ನಾಟಕದ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್, ಎರಡೂ ಸರ್ಕಾರಿ ಮಾನಸಿಕ ಆಸ್ಪತ್ರೆಗಳು. ಖರ್ಚು ಕಮ್ಮಿ, ಮನೋವೈದ್ಯರು ಕ್ಲಿನಿಕಲ್ ಸೈಕಾಲಜಿಸ್ಟ್ ಇಬ್ಬರೂ ಒಂದೇ ಕಡೆ ಸಿಗ್ತಾರೆ, ಬದಲಿಗೆ ಕ್ಯೂ ಮತ್ತು ದಿನವಿಡೀ ರಜೆ. ಖಾಸಗಿಯಲ್ಲಿ ಸಮಯ ಉಳಿಯತ್ತೆ, ದುಡ್ಡು ಹೋಗತ್ತೆ. ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆಯ ಮನೋವೈದ್ಯರು, ಅವರು ರಕ್ತ ಪರೀಕ್ಷೆ, ಮಾತ್ರೆ ನೋಡ್ಕೊಂಡ್ರೆ ಥೆರಪಿ ವಿಡಿಯೋ ಕಾಲಲ್ಲಿ ಬೇರೆಯವರ ಹತ್ರ ಮಾಡಬಹುದು, ಸಿಬಿಟಿ ವಿಡಿಯೋದಲ್ಲೂ ನಡೆಯತ್ತೆ, ನೋಟ್‌ಬುಕ್ ಫೋಟೋ ತೆಗೆದು ಕಳಿಸಿದ್ರಾಯ್ತು. ಎಲ್ಲಿಂದ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ ಅಂದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ಮಾನಸಿಕ ಕಾಯಿಲೆಯನ್ನೂ ದೇಹದ ಕಾಯಿಲೆ ಥರಾನೇ ಕವರ್ ಮಾಡ್ಬೇಕು, ಆದ್ರೆ ತುಂಬಾ ಪಾಲಿಸಿಗಳು ಅಡ್ಮಿಟ್ ಆದ್ರೆ ಮಾತ್ರ ಕೊಡ್ತವೆ, ಮೊದಲೇ ಕೇಳಿ.

ಅಡ್ಮಿಟ್ ಮಾಡೋದು ಬುಲಿಮಿಯಾಗೆ ಮಾಮೂಲಿ ದಾರಿ ಅಲ್ಲ, ಹೆಚ್ಚಿನವರಿಗೆ ಹೊರರೋಗಿಯಾಗಿಯೇ ಆಗತ್ತೆ. ಪೊಟ್ಯಾಸಿಯಂ ತುಂಬಾ ಇಳಿದಿದ್ರೆ, ಇಸಿಜಿ ಸರಿ ಇಲ್ಲದಿದ್ರೆ, ಜೀವಕ್ಕೆ ಹಾನಿ ಮಾಡ್ಕೊಳ್ಳೋ ಭಯ ಇದ್ರೆ ಡಾಕ್ಟರೇ ಹೇಳ್ತಾರೆ, ಆಗ ಹಿಂದೆ ಮುಂದೆ ನೋಡಬೇಡಿ.

ಥೆರಪಿಸ್ಟನ್ನ ಆರಿಸೋವಾಗ ಫೋನಲ್ಲೇ ಕೇಳಿ. ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರೋ ಕ್ಲಿನಿಕಲ್ ಸೈಕಾಲಜಿಸ್ಟಾ? ಬುಲಿಮಿಯಾ ಇರೋರನ್ನ ಮುಂಚೆ ನೋಡಿದ್ದೀರಾ? ಮೊದಲ ತಿಂಗಳು ಏನು ಮಾಡಿಸ್ತೀರಾ? ಈ ಮೂರನೇ ಪ್ರಶ್ನೆಯ ಉತ್ತರದಲ್ಲಿ ಊಟದ ಹೊತ್ತು, ಬರೆಯೋದು, ರಕ್ತ ಪರೀಕ್ಷೆ ಅನ್ನೋ ಮಾತು ಬಂದ್ರೆ ಹೋಗಿ, "ಮೊದಲು ತೂಕ ಇಳಿಸೋಣ" ಅಂದ್ರೆ ಫೋನ್ ಇಡಿ. ತಂಗಿ ಮೊದಲ ದಿನ ಬಾಯಲ್ಲಿ ಹೇಳೋಕಾಗಲ್ಲ ಅಂತ ಒಂದು ಹಾಳೆಯಲ್ಲಿ ಎಲ್ಲಾ ಬರ್ಕೊಂಡು ಹೋಗಿದ್ಲು, ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ಏನೇನು ಮಾತ್ರೆ, ಮುಟ್ಟು ಸರಿಯಾಗಿ ಆಗ್ತಿದೆಯಾ, ಅದನ್ನ ಟೇಬಲ್ ಮೇಲಿಟ್ಟು ತಲೆ ತಗ್ಗಿಸಿ ಕೂತ್ಲಂತೆ. ಅವರು ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ "ಇವತ್ತು ಬೆಳಗ್ಗೆ ತಿಂಡಿ ತಿಂದ್ಯಾಮ್ಮ" ಅಂತ.

ತಿಂದಿರಲಿಲ್ಲ. ಅವರ ಡ್ರಾಯರಲ್ಲಿ ಬಿಸ್ಕೆಟ್ ಪ್ಯಾಕೆಟ್ಟಿತ್ತು.